ಯುದ್ಧದ ಚಿತ್ರ ಯುದ್ಧವನ್ನು ವಿರೋಧಿಸಬಲ್ಲುದೆ?



ಯುದ್ಧ ಕೆಟ್ಟದ್ದು ಎಂದು ಸಾರುವ ಚಲನಚಿತ್ರಗಳು ಜಗತ್ತಿನಲ್ಲಿ ನೂರಾರು ಇವೆ. ಅವುಗಳನ್ನು ನೋಡಿ ಕಣ್ಣೊರೆಸಿಕೊಂಡು ಹೊರಬಂದವರೂ ಅಸಂಖ್ಯ. ಆದರೆ ಅಂತಹ ಒಂದು ಚಿತ್ರವನ್ನು ನೋಡಿದ ಹುಡುಗನಿಗೆ ‘ನನ್ನ ಕೈಗೂ ಒಂದು ಬಂದೂಕು ಸಿಕ್ಕಿದ್ದರೆ!’ ಎನ್ನಿಸಿದರೆ ಏನು ಹೇಳೋಣ? ತಪ್ಪು ಹುಡುಗನದೋ, ಚಿತ್ರದ್ದೋ? ಇಂದು ಈ ಪ್ರಶ್ನೆಯನ್ನು ನಿಮ್ಮೊಂದಿಗೆ ವಿಚಾರ ಮಾಡಬೇಕೆಂದಿದ್ದೇನೆ.

ಇದು ಬರಿಯ ಕಲ್ಪನೆಯ ಮಾತಲ್ಲ. ಅಮೆರಿಕದ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ ಅವರ ‘ಅಪಾಕಲಿಪ್ಸ್ ನೌ’ 1979ರಲ್ಲಿ ತೆರೆಗೆ ಬಂತು. ವಿಯೆಟ್ನಾಂ ಯುದ್ಧದ ಹುಚ್ಚುತನವನ್ನು ತೋರಿಸಿದ ಚಿತ್ರ ಅದು. ಅದರಲ್ಲಿ ಹೆಲಿಕಾಪ್ಟರುಗಳು ಸಾಲುಗಟ್ಟಿ ಸಮುದ್ರದ ಮೇಲಿಂದ ಹಾರಿಬಂದು ಒಂದು ಹಳ್ಳಿಯ ಮೇಲೆ ಎರಗುತ್ತವೆ. ಜೊತೆಗೆ ಜರ್ಮನ್ ಸಂಗೀತಗಾರ ವಾಗ್ನರನ ಭೋರ್ಗರೆಯುವ ಸಂಗೀತ. ಮುಂದೆ 1990ರಲ್ಲಿ ಕೊಲ್ಲಿ ಯುದ್ಧಕ್ಕೆ ಹೊರಡಲಿದ್ದ ಅಮೆರಿಕದ ತರುಣ ಸೈನಿಕರು ಇಂತಹ ವಿಯೆಟ್ನಾಂ ಚಿತ್ರಗಳನ್ನೇ ಹಾಕಿಸಿಕೊಂಡು ನೋಡಿ ಹುರುಪು ತುಂಬಿಕೊಂಡರಂತೆ. ಅವರಲ್ಲೊಬ್ಬರಾಗಿದ್ದ ಆಂಟನಿ ಸ್ವಾಫರ್ಡ್ ಇದನ್ನು 2003ರಲ್ಲಿ ಬಂದ ತಮ್ಮ ‘ಜಾರ್‌ಹೆಡ್’ ಪುಸ್ತಕದಲ್ಲಿ ಬರೆದರು. 2005ರಲ್ಲಿ ಆ ಪುಸ್ತಕವೇ ಚಲನಚಿತ್ರವಾದಾಗ, ಹೆಲಿಕಾಪ್ಟರ್ ದೃಶ್ಯಕ್ಕೆ ಸೈನಿಕರು ಕೇಕೆ ಹಾಕುವುದನ್ನು ನಾವು ತೆರೆಯ ಮೇಲೆ ಕಂಡೆವು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಕೊಪ್ಪೊಲ ಆ ದೃಶ್ಯದ ನಡುವೆ ಸಂಗೀತವನ್ನು ಥಟ್ಟನೆ ನಿಲ್ಲಿಸಿ, ಹಳ್ಳಿಯ ಶಾಲೆಯ ನಿಶ್ಶಬ್ದ ಅಂಗಳವನ್ನೂ ಅಲ್ಲಿಂದ ಹೊರಬರುವ ಮಕ್ಕಳನ್ನೂ ತೋರಿಸಿದ್ದಾರೆ. ಸಾಯಲಿರುವವರು ಯಾರು ಎಂಬುದನ್ನು ಅವರು ಮರೆಮಾಚಲಿಲ್ಲ. ಆದರೂ ಕೇಕೆ ನಿಲ್ಲಲಿಲ್ಲ. ಏಕೆ?

ನಾನು ಓದಿದ್ದು ವಿಜ್ಞಾನ, ಹೊಟ್ಟೆಪಾಡು ಕ್ಯಾಮೆರಾದ ಜೊತೆ. ಆದ್ದರಿಂದ ಉತ್ತರವನ್ನು ನಿಮ್ಮ ಭೌತಶಾಸ್ತ್ರದ ಪುಸ್ತಕದಿಂದಲೇ ಎತ್ತಿಕೊಳ್ಳುತ್ತೇನೆ. ಸಾಪೇಕ್ಷ ಚಲನೆಯ ಪಾಠ ನೆನಪಿದೆಯಲ್ಲವೆ? ಓಡುವ ಬಸ್ಸಿನಲ್ಲಿ ಕುಳಿತವನಿಗೆ ರಸ್ತೆಯ ಬದಿಯ ಮರಗಳು ಹಿಂದಕ್ಕೆ ಓಡುತ್ತವೆ. ಮರದ ಕೆಳಗೆ ನಿಂತವನಿಗೆ ಬಸ್ಸು ಧೂಳೆಬ್ಬಿಸಿ ಮೈಮೇಲೆ ಬರುತ್ತದೆ. ಘಟನೆ ಒಂದೇ, ನೋಡುವ ನೆಲೆ ಬೇರೆ. ಕ್ಯಾಮೆರಾ ಹೆಲಿಕಾಪ್ಟರಿನೊಳಗೆ ಕುಳಿತರೆ ಪ್ರೇಕ್ಷಕನೂ ಅಲ್ಲೇ ಕುಳಿತುಕೊಳ್ಳುತ್ತಾನೆ. ವೇಗ, ಲಯ, ಎತ್ತರ ಎಲ್ಲವೂ ಅವನ ಪಾಲಾಗುತ್ತವೆ. ಬುದ್ಧಿ ‘ಅಯ್ಯೋ’ ಎನ್ನುವಷ್ಟರಲ್ಲಿ ಮೈ ‘ಆಹಾ’ ಎಂದಿರುತ್ತದೆ. ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೊ 1973ರ ಒಂದು ಸಂದರ್ಶನದಲ್ಲಿ, ನಿಜವಾದ ಯುದ್ಧವಿರೋಧಿ ಚಿತ್ರವನ್ನು ತಾವು ಕಂಡೇ ಇಲ್ಲ, ಯುದ್ಧದ ಚಿತ್ರಗಳೆಲ್ಲ ಕೊನೆಗೆ ಯುದ್ಧದ ಪರವಾಗಿಯೇ ನಿಲ್ಲುತ್ತವೆ ಎಂಬ ಅರ್ಥದ ಮಾತು ಹೇಳಿದ್ದರು. ಅವರ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಅದನ್ನು ಪೂರ್ತಿ ಒಪ್ಪಲೂ ನನಗೆ ಮನಸ್ಸಿಲ್ಲ. ನನಗೆ ಪ್ರಿಯವಾದ ಕೆಲವು ಚಿತ್ರಗಳು ಅಡ್ಡ ಬರುತ್ತವೆ.

ಮೊದಲನೆಯದು 1930ರ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’. ಜರ್ಮನ್ ಲೇಖಕ ರೆಮಾರ್ಕ್ ಅವರ ಕಾದಂಬರಿಯನ್ನು ಆಧರಿಸಿ ಲೂಯಿಸ್ ಮೈಲ್‌ಸ್ಟೋನ್ ಅಮೆರಿಕದಲ್ಲಿ ತಯಾರಿಸಿದ್ದು. ಈ ಚಿತ್ರ ಆರಂಭವಾಗುವುದು ನಿಮ್ಮಂತಹವರು ಕುಳಿತಿರುವ ತರಗತಿಯಲ್ಲಿ. ಮೇಷ್ಟರ ಆವೇಶದ ಭಾಷಣ ಕೇಳಿ ಹುಡುಗರು ಪುಸ್ತಕ ಎಸೆದು ಸೈನ್ಯ ಸೇರಲು ಹೊರಡುತ್ತಾರೆ. ಅವರಲ್ಲಿ ಪಾಲ್ ಎಂಬುವನು ಒಂದು ಹೊಂಡದಲ್ಲಿ ಫ್ರೆಂಚ್ ಸೈನಿಕನೊಬ್ಬನನ್ನು ಇರಿದು, ಆ ದೇಹದ ಪಕ್ಕದಲ್ಲೇ ರಾತ್ರಿ ಕಳೆದು, ಕ್ಷಮಿಸೆಂದು ಅಂಗಲಾಚುತ್ತಾನೆ. ಸತ್ತವನ ಜೇಬಿನಲ್ಲಿ ಸಿಗುವುದು ಅವನ ಹೆಂಡತಿ ಮತ್ತು ಮಗುವಿನ ಭಾವಚಿತ್ರ. ಮುಂದೆ ರಜೆಯಲ್ಲಿ ಊರಿಗೆ ಬಂದ ಪಾಲ್ ಅದೇ ತರಗತಿಯಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳುತ್ತಾನೆ. ಹೊಸ ಹುಡುಗರು ಅವನನ್ನು ಹೇಡಿ ಎಂದು ಹೀಯಾಳಿಸುತ್ತಾರೆ! ಅಲ್ಲಿ ಕ್ಯಾಮೆರಾ ನಮ್ಮನ್ನು ನಿಲ್ಲಿಸುವುದು ಪಾಲ್‌ನ ಪಕ್ಕದಲ್ಲಿ.

ಅದೇ ವರ್ಷದ ಡಿಸೆಂಬರಿನಲ್ಲಿ ಚಿತ್ರ ಬರ್ಲಿನ್ ನಗರಕ್ಕೆ ಬಂದಾಗ ಏನಾಯಿತೆಂದು ಬಲ್ಲಿರಾ? ಇನ್ನೂ ಅಧಿಕಾರಕ್ಕೆ ಬಾರದಿದ್ದ ನಾಜಿಗಳು ಗೊಬೆಲ್ಸನ ಮುಂದಾಳತ್ವದಲ್ಲಿ ಚಿತ್ರಮಂದಿರಕ್ಕೆ ನುಗ್ಗಿ, ದುರ್ನಾತದ ಬಾಂಬುಗಳನ್ನು ಎಸೆದು, ಬಿಳಿ ಇಲಿಗಳನ್ನು ಬಿಟ್ಟು ಪ್ರದರ್ಶನ ಕೆಡಿಸಿದರು. ಕೆಲವೇ ದಿನಗಳಲ್ಲಿ ಜರ್ಮನಿಯಲ್ಲಿ ಚಿತ್ರ ನಿಷೇಧಕ್ಕೊಳಗಾಯಿತು. ಯುದ್ಧ ಬಯಸುವವರಿಗೆ ಇಂತಹ ಚಿತ್ರದಿಂದ ಅಡ್ಡಿಯೇ ಇಲ್ಲವೆಂದಾದರೆ ಇಲಿಗಳನ್ನು ಹಿಡಿದು ತರುವ ಕಷ್ಟವಾದರೂ ಏಕೆ?

ಎರಡನೆಯದು ಫ್ರೆಂಚ್ ನಿರ್ದೇಶಕ ಜ್ಯಾಂ ರೆನ್ವಾರ್ ಅವರ ‘ಲಾ ಗ್ರಾಂದ್ ಇಲ್ಯೂಷನ್’ (1937). ಮೊದಲ ಮಹಾಯುದ್ಧದ ಕೈದಿಗಳ ಕಥೆ. ಇಡೀ ಚಿತ್ರದಲ್ಲಿ ಒಂದು ಕದನದ ದೃಶ್ಯವೂ ಇಲ್ಲ. ಸೆರೆಯಿಂದ ತಪ್ಪಿಸಿಕೊಂಡ ಇಬ್ಬರು ಫ್ರೆಂಚರಿಗೆ ಒಬ್ಬ ಜರ್ಮನ್ ರೈತ ಹೆಂಗಸು ಆಶ್ರಯ ಕೊಡುತ್ತಾಳೆ. ಗೋಡೆಯ ಮೇಲಿನ ಭಾವಚಿತ್ರಗಳನ್ನು ತೋರಿಸಿ, ಗಂಡ ಯಾವ ಕದನದಲ್ಲಿ ಸತ್ತ, ಅಣ್ಣತಮ್ಮಂದಿರು ಎಲ್ಲೆಲ್ಲಿ ಸತ್ತರು ಎಂದು ಹೇಳುತ್ತಾಳೆ. ಅವೆಲ್ಲ ಜರ್ಮನಿಯ ದೊಡ್ಡ ವಿಜಯಗಳಂತೆ! ಆಮೇಲೆ ಕಾಣುವುದು ಊಟದ ಮೇಜು. ತುಂಬಿದ ಮನೆಗೆಂದು ಮಾಡಿಸಿದ ಆ ದೊಡ್ಡ ಮೇಜಿನ ಮುಂದೆ ಈಗ ಅವಳ ಪುಟ್ಟ ಮಗಳು ಒಬ್ಬಳೇ. ಇಲ್ಲಿ ಯಾರು ಕೇಕೆ ಹಾಕಿಯಾರು? ತ್ರುಫೊ ಅವರ ಆಕ್ಷೇಪಣೆಗೆ ನಾನು ಕಂಡುಕೊಂಡ ಉತ್ತರ ಈ ಮೇಜು.

ಇನ್ನೊಂದು ಮಾತು. ಯುದ್ಧವನ್ನು ವಿರೋಧಿಸುವುದೆಂದರೆ ಯೋಧನನ್ನು ಹಗುರಾಗಿ ಕಾಣುವುದು ಎಂದು ಕೆಲವರು ತಿಳಿಯುತ್ತಾರೆ. ರೆಮಾರ್ಕ್ ಮತ್ತು ರೆನ್ವಾರ್ ಇಬ್ಬರೂ ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದು ಗಾಯಗೊಂಡವರು. ಯೋಧನ ಬಾಳಿನ ಬೆಲೆ ತಿಳಿದಿದ್ದರಿಂದಲೇ ಅವರು ಹಾಗೆ ಬರೆದರು, ಹಾಗೆ ಚಿತ್ರಿಸಿದರು.

ಆದರೂ ರೆನ್ವಾರ್ ಚಿತ್ರ ಬಂದ ಎರಡೇ ವರ್ಷಕ್ಕೆ, 1939ರಲ್ಲಿ, ಎರಡನೆಯ ಮಹಾಯುದ್ಧ ಆರಂಭವಾಯಿತು. ಚಿತ್ರ ಯುದ್ಧವನ್ನು ತಡೆಯಲಿಲ್ಲ. ಇದನ್ನು ನಾವು ಮುಚ್ಚಿಡಬಾರದು.

ಇನ್ನೂ ಕಠಿಣವಾದ ಮಾತನ್ನು ಹೇಳಿದವರು ಜಪಾನಿನ ಇಸಾವೊ ತಕಹಾಟ. 1945ರಲ್ಲಿ ಬಾಲಕನಾಗಿದ್ದ ಅವರು ಒಕಾಯಾಮ ನಗರದ ಮೇಲಿನ ಬಾಂಬ್ ದಾಳಿಯಲ್ಲಿ ಬದುಕುಳಿದವರು. 1988ರ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಎಂಬ ಆನಿಮೇಷನ್ ಚಿತ್ರದಲ್ಲಿ ಬಾಂಬಿಗೆ ತಾಯಿಯನ್ನು ಕಳೆದುಕೊಂಡ ಅಣ್ಣ, ತಂಗಿ ಹಸಿವಿನಿಂದ ಸವೆದು ಸಾಯುತ್ತಾರೆ. ಲೋಕವೆಲ್ಲ ಇದನ್ನು ಶ್ರೇಷ್ಠ ಯುದ್ಧವಿರೋಧಿ ಚಿತ್ರವೆಂದು ಹೊಗಳಿತು. ತಕಹಾಟ ಮಾತ್ರ ಅಲ್ಲವೆಂದರು. ನಮ್ಮವರ ಸಂಕಟವನ್ನಷ್ಟೇ ತೋರಿಸಿದರೆ ಯುದ್ಧ ನಿಲ್ಲುವುದಿಲ್ಲ. ‘ಇಂತಹ ಸಂಕಟ ಮತ್ತೆ ಬಾರದಿರಲೆಂದೇ ಯುದ್ಧ ಬೇಕು’ ಎಂದು ನಾಯಕರು ಹೇಳಿಯಾರು ಎಂಬುದು ಅವರ ವಾದ. ಯೋಚಿಸಿ ನೋಡಿ. ನಮ್ಮ ಮನೆಯ ಕಣ್ಣೀರು ಎರಡು ದಾರಿ ಹಿಡಿಯಬಹುದು: ಒಂದು ಕರುಣೆಯತ್ತ, ಇನ್ನೊಂದು ಸೇಡಿನತ್ತ. ಆದ್ದರಿಂದಲೇ ಪಾಲ್ ಕಂಡ ಆ ಭಾವಚಿತ್ರ ಮುಖ್ಯ. ಅದು ಎದುರಾಳಿಯ ಮನೆಯದು.

ನಗುತ್ತಲೂ ಯುದ್ಧವನ್ನು ವಿರೋಧಿಸಬಹುದೆ? ನಮ್ಮವರೇ ತೋರಿಸಿಕೊಟ್ಟಿದ್ದಾರೆ. ರೆನ್ವಾರ್ ‘ದ ರಿವರ್’ ಚಿತ್ರಕ್ಕಾಗಿ ಕಲ್ಕತ್ತೆಗೆ ಬಂದಿದ್ದಾಗ ಅವರೊಂದಿಗೆ ಸ್ಥಳ ಹುಡುಕುತ್ತ ಓಡಾಡಿದ ಒಬ್ಬ ತರುಣನಿದ್ದ. ಆತನೇ ಸತ್ಯಜಿತ್ ರಾಯ್. 1969ರಲ್ಲಿ ರಾಯ್ ಅವರ ‘ಗೂಪಿ ಗಾಯೇನ್ ಬಾಘಾ ಬಾಯೇನ್’ ಬಂತು. ಅದರಲ್ಲಿ ದಂಡೆತ್ತಿ ಹೊರಟ ಸೈನಿಕರು ಹಸಿದವರು. ಗೂಪಿ ಹಾಡುತ್ತಾನೆ, ಬಾಘಾ ಡೋಲು ಬಡಿಯುತ್ತಾನೆ, ಆಕಾಶದಿಂದ ಮಿಠಾಯಿಯ ಗಡಿಗೆಗಳು ಇಳಿಯುತ್ತವೆ. ಸೈನಿಕರು ಯುದ್ಧ ಬಿಟ್ಟು ಮಿಠಾಯಿಗೆ ಮುಗಿಬೀಳುತ್ತಾರೆ. ಮಕ್ಕಳ ಕಥೆಯೇನೋ ಹೌದು. ಆದರೆ ಹೊಟ್ಟೆ ತುಂಬದವನನ್ನು ಯುದ್ಧಕ್ಕೆ ಅಟ್ಟುವವರು ಯಾರು ಎಂಬ ಪ್ರಶ್ನೆ ದೊಡ್ಡವರದು.

ಕೊನೆಯದಾಗಿ ನಿಮಗೊಂದು ಪ್ರಯೋಗ. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೆಯೇ ಬಿಡುತ್ತೀರಲ್ಲ, ಹಾಗೆ ಮಾಡಿ. ಮುಂದಿನ ಸಲ ಯಾವುದೇ ಯುದ್ಧದ ಚಿತ್ರ ನೋಡುವಾಗ ಒಂದು ಕದನದ ದೃಶ್ಯವನ್ನು ಮೊದಲು ಧ್ವನಿಸಹಿತ, ಆಮೇಲೆ ಧ್ವನಿ ನಿಲ್ಲಿಸಿ ನೋಡಿ. ನಿಮ್ಮ ಆವೇಶದಲ್ಲಿ ಸಂಗೀತದ ಪಾಲೆಷ್ಟು ಎಂದು ತಿಳಿಯುತ್ತದೆ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಕ್ಯಾಮೆರಾ ಯಾರ ಪಕ್ಕದಲ್ಲಿ ನಿಂತಿದೆ? ಗುಂಡು ತಗುಲಿದವನ ಮೇಲೆ ಅದು ಎಷ್ಟು ಹೊತ್ತು ನಿಲ್ಲುತ್ತದೆ? ಎದುರಾಳಿಗೆ ಒಂದು ಹೆಸರಿದೆಯೆ, ಮನೆಯಿದೆಯೆ?

ಚಲನಚಿತ್ರ ಯುದ್ಧವನ್ನು ನಿಲ್ಲಿಸಲಾರದು. ಯುದ್ಧ ಬೇಕೋ ಬೇಡವೋ ಎಂದು ನಿರ್ಧರಿಸುವವರು ಮನುಷ್ಯರು. ನಾಳೆ ಮತದಾರರಾಗಿ, ಅಧಿಕಾರಿಗಳಾಗಿ ನೀವೂ ಅವರಲ್ಲಿ ಒಬ್ಬರು. ಆ ಹೊತ್ತಿನಲ್ಲಿ ನಿಮ್ಮ ಕಣ್ಣ ಮುಂದೆ ಬರುವುದು ಹೆಲಿಕಾಪ್ಟರುಗಳ ಸಾಲೋ, ಬರಿದಾದ ಊಟದ ಮೇಜೋ ಎಂಬುದು ಮಾತ್ರ ನೀವು ಇಂದು ಏನನ್ನು ಹೇಗೆ ನೋಡುತ್ತೀರಿ ಎಂಬುದನ್ನು ಅವಲಂಬಿಸಿದೆ.