ಲಾರ್ಜಾಕ್: ಉಳಿಸಿಕೊಂಡ ನೆಲ, ಉಳಿದುಕೊಂಡ ಊರು



ನೆಲವನ್ನು ಉಳಿಸಿಕೊಳ್ಳಲು ಜನ ಹೋರಾಡಿದ ಕಥೆಗಳನ್ನು ನಾವು ಬಹಳ ಕೇಳಿದ್ದೇವೆ. ಗೆದ್ದ ಮೇಲೆ ಆ ನೆಲವನ್ನು ಏನು ಮಾಡಬೇಕು ಎಂದು ಕುಳಿತು ಯೋಚಿಸಿದವರ ಕಥೆ ವಿರಳ. ದಕ್ಷಿಣ ಫ್ರಾನ್ಸಿನ ಲಾರ್ಜಾಕ್ ಸೀಮೆಯ ಕುರಿಗಾರರು ಹಾಗೆ ಯೋಚಿಸಿದವರು. ಅವರ ವಿಚಾರವನ್ನು ಇಂದು ತಮ್ಮ ಮುಂದಿಡುತ್ತೇನೆ.

ಲಾರ್ಜಾಕ್ ಸುಣ್ಣಕಲ್ಲಿನ ಎತ್ತರದ ಬಯಲು. ಬಿದ್ದ ಮಳೆಯೆಲ್ಲ ಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗುವುದರಿಂದ ನೆಲದ ಮೇಲೆ ತೊರೆಗಳಿಲ್ಲ. ಕುರಿಗಳಿಗೆ ನೀರುಣಿಸಲು ಹಿಂದಿನವರು ಕಲ್ಲುಹಾಸಿನ ಕೊಳಗಳನ್ನು ಕಟ್ಟಿ ಮಳೆನೀರನ್ನು ಹಿಡಿದಿಟ್ಟರು. ಮಣ್ಣು ನಿಂತ ತಗ್ಗುಗಳಲ್ಲಿ ಮಾತ್ರ ಬೆಳೆ; ಉಳಿದದ್ದು ಹುಲ್ಲುಗಾವಲು. ಆ ಹುಲ್ಲನ್ನು ಹಾಲಾಗಿಸುವುದು ಲಾಕೋನ್ ತಳಿಯ ಕುರಿ. ಆ ಹಾಲಿನ ಚೀಸು ಸಮೀಪದ ರಾಕ್‌ಫೋರ್ ಊರಿನ ಗುಹೆಗಳಲ್ಲಿ ಹದಗೊಳ್ಳುತ್ತದೆ. ಕುರಿ ಮೇಯುವುದು ನಿಂತರೆ ಹುಲ್ಲುಗಾವಲನ್ನು ಪೊದೆ ಆವರಿಸುತ್ತದೆ, ಊರೂ ಬರಿದಾಗುತ್ತದೆ.

ಫ್ರಾನ್ಸಿನಲ್ಲಿ ಊರಾಡಳಿತದ ಘಟಕಕ್ಕೆ ಕಮ್ಯೂನ್ ಎಂದು ಹೆಸರು. ಎಷ್ಟೇ ಚಿಕ್ಕದಿರಲಿ, ಅದಕ್ಕೆ ತನ್ನದೇ ಚುನಾಯಿತ ಮಂಡಲಿ ಮತ್ತು ಮೇಯರ್ ಇರುತ್ತಾರೆ. ಲಾರ್ಜಾಕಿನ ಲಾ ಕವಲರಿ ಎಂಬ ಕಮ್ಯೂನಿನ ಬಳಿ ಹಳೆಯ ಸೇನಾ ಶಿಬಿರವೊಂದಿತ್ತು. ಸುಮಾರು 3,000 ಹೆಕ್ಟೇರಿನ ಆ ಶಿಬಿರವನ್ನು 17,000 ಹೆಕ್ಟೇರಿಗೆ ವಿಸ್ತರಿಸುವುದಾಗಿ 1971ರಲ್ಲಿ ರಕ್ಷಣಾ ಸಚಿವ ಮಿಶೆಲ್ ದೆಬ್ರೆ ಪ್ರಕಟಿಸಿದರು. ಅಷ್ಟು ನೆಲ ಹೋದರೆ ನೂರಕ್ಕೂ ಹೆಚ್ಚು ರೈತಕುಟುಂಬಗಳು ಹೊಲ, ಹುಲ್ಲುಗಾವಲುಗಳನ್ನು ಕಳೆದುಕೊಳ್ಳಬೇಕಿತ್ತು.

ಆಗ ಲಾಂಜಾ ದೆಲ್ ವಾಸ್ತೊ ಎಂಬವರು ಲಾ ಕವಲರಿಗೆ ಬಂದು ಹದಿನೈದು ದಿನ ಉಪವಾಸ ಕುಳಿತರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಬಳಿ ಇದ್ದು, ಅವರಿಂದ ಶಾಂತಿದಾಸ ಎಂಬ ಹೆಸರು ಪಡೆದಿದ್ದವರು ಇವರೇ. ಅಹಿಂಸೆಯ ಮಾರ್ಗ ರೈತರಿಗೆ ಒಪ್ಪಿತವಾಯಿತು. 1972ರ ಮಾರ್ಚ್ 28ರಂದು 103 ರೈತರು ತಮ್ಮ ನೆಲವನ್ನು ಸೇನೆಗೆ ಮಾರುವುದಿಲ್ಲವೆಂದು ಪ್ರತಿಜ್ಞೆಗೆ ಸಹಿ ಹಾಕಿದರು. ಅದೇ ವರ್ಷ ಪ್ಯಾರಿಸಿನ ಐಫೆಲ್ ಗೋಪುರದ ಕೆಳಗೆ ತಮ್ಮ ಕುರಿಗಳನ್ನು ಮೇಯಲು ಬಿಟ್ಟರು. ಲಾ ಬ್ಲಾಕಿಯೇರ್ ಎಂಬಲ್ಲಿ ಸರಕಾರದ ಪರವಾನಗಿಯಿಲ್ಲದೆ ಕಲ್ಲಿನ ಕುರಿದೊಡ್ಡಿಯನ್ನು ಕಟ್ಟಿದರು. ಎಲ್ಲೆಲ್ಲಿಂದಲೋ ಬಂದ ಜನ ಅದಕ್ಕೆ ಕಲ್ಲು ಹೊತ್ತರು. ದೂರದ ಊರುಗಳ ಹಿತೈಷಿಗಳು ಸಣ್ಣ ಸಣ್ಣ ಪಾಲು ಹಾಕಿ ಅಲ್ಲಿ ನೆಲ ಕೊಂಡು, ಸ್ವಾಧೀನದ ಕಾರ್ಯವನ್ನು ತೊಡಕಾಗಿಸಿದರು. ಹೀಗೆ ಹತ್ತು ವರ್ಷ ಕಳೆಯಿತು. 1981ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಫ್ರಾಂಸ್ವಾ ಮಿತೆರಾಂ ಯೋಜನೆಯನ್ನು ರದ್ದುಗೊಳಿಸಿದರು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿಂದ ಮುಂದಿನದು. ಅಷ್ಟರಲ್ಲಿ ಸುಮಾರು 6,300 ಹೆಕ್ಟೇರು ಸರಕಾರದ ಕೈ ಸೇರಿಯಾಗಿತ್ತು. ಅದನ್ನು ಹಂಚಿ ತಮ್ಮ ತಮ್ಮ ಹೆಸರಿಗೆ ಪತ್ರ ಮಾಡಿಸಿಕೊಳ್ಳುವ ದಾರಿಯನ್ನು ರೈತರು ಹಿಡಿಯಲಿಲ್ಲ. 1985ರಲ್ಲಿ ತಮ್ಮದೇ ಒಂದು ಸಂಘವನ್ನು ರಚಿಸಿ, ಸರಕಾರದಿಂದ ಆ ನೆಲವನ್ನು ದೀರ್ಘಾವಧಿ ಗೇಣಿಗೆ ಪಡೆದರು. 2013ರಲ್ಲಿ ಅವಧಿಯನ್ನು 2083ರವರೆಗೆ ವಿಸ್ತರಿಸಲಾಯಿತು. ಸಂಘ ಆ ನೆಲವನ್ನು ಸಾಗುವಳಿದಾರರಿಗೆ ಕೊಡುತ್ತದೆ. ನಿಯಮ ಸರಳ: ಅಲ್ಲಿಯೇ ವಾಸಿಸಬೇಕು, ತಾನೇ ದುಡಿಯಬೇಕು. ನಿವೃತ್ತಿಯವರೆಗೆ ಯಾರೂ ಎಬ್ಬಿಸುವಂತಿಲ್ಲ. ನಿವೃತ್ತಿಯಾದ ಮೇಲೆ ಮಾರುವಂತಿಲ್ಲ, ಮಕ್ಕಳಿಗೆ ಆಸ್ತಿಯೆಂದು ಬಿಟ್ಟುಹೋಗುವಂತೆಯೂ ಇಲ್ಲ. ಆ ನೆಲಕ್ಕೆ ಮುಂದಿನ ಸಾಗುವಳಿದಾರನನ್ನು ಸಂಘವೇ ಆರಿಸುತ್ತದೆ.

ಇದರಿಂದ ಏನಾಯಿತು? ಕೈಯಲ್ಲಿ ಹಣವಿಲ್ಲದ ತರುಣರಿಗೂ ನೆಲ ದೊರೆಯಿತು. ಬಿಟ್ಟುಹೋದ ಹೊಲ ದೊಡ್ಡ ಹಿಡುವಳಿಯಲ್ಲಿ ಕರಗಲಿಲ್ಲ, ಬೇಸಿಗೆಯ ಬಿಡಾರಕ್ಕಾಗಿ ಬೆಲೆ ಏರಿಸುವವರ ಪಾಲಾಗಲೂ ಇಲ್ಲ. ತೊಡಕುಗಳೂ ಉಂಟು: ಇದ್ದ ಮನೆಯನ್ನೇ ಮುಪ್ಪಿನಲ್ಲಿ ಬಿಟ್ಟುಕೊಡುವುದು ಸುಲಭವಲ್ಲ. ಹಳೆಯ ಶಿಬಿರವೂ ಅಲ್ಲೇ ಇದೆ. 2016ರಿಂದ ಸೇನೆಯ ಒಂದು ದಳ ಅಲ್ಲಿ ನೆಲೆಸಿದೆ.

ಅವರ ಕಾನೂನು ಬೇರೆ, ನೆಲ ಬೇರೆ. ಅವರ ವ್ಯವಸ್ಥೆಯನ್ನು ಹಾಗೆಯೇ ತಂದು ನಮ್ಮ ಬೆಟ್ಟಗಳಿಗೆ ಹಚ್ಚಲಾಗದು. ಆದರೆ ನೆಲ ಯಾರದು ಎಂದು ಕೇಳುವ ನಾವು, ನಾಳೆ ಇಲ್ಲಿ ದುಡಿಯುವವರು ಯಾರು ಎಂದೂ ಕೇಳಬೇಕು. ವಿದ್ಯಾರ್ಥಿ ಮಿತ್ರರೇ, ಆ ಎರಡನೆಯ ಪ್ರಶ್ನೆ ನಿಮ್ಮದು.