ಕ್ರೂಕ್ಸ್, ಕ್ರಿಪ್ಟಾಕ್, ಫೈಬರ್: ಕನ್ನಡಕದಂಗಡಿಯ ಮಾತು

ಜಯನಗರ 4ನೇ ಬ್ಲಾಕ್ ಕಡೆಯೋ ಬನಶಂಕರಿ ಕಡೆಯೋ ಹಳೇ ಕನ್ನಡಕದಂಗಡಿಗೆ ಹೋದಾಗ ಸ್ವಲ್ಪ ಕಿವಿಗೊಟ್ಟು ಕೇಳಿ. "ಕ್ರಿಪ್ಟಾಕ್, ಎರಡು ಆಡ್, ಸುಪ್ರಾಗೆ ಕೂರಲ್ಲ, ಪೂರ್ತಿ ಫ್ರೇಮ್ ತೋರ್ಸು" ಅಂತ ಯಜಮಾನರು ಒಳಗಿನ ಹುಡುಗನಿಗೆ ಹೇಳ್ತಿರ್ತಾರೆ. ಈ ಮಾತುಗಳ ಹಿಂದೆ ಬಿದ್ದವನು ನಾನು. ಅದರಲ್ಲೂ ಒಂದು ಹೆಸರು ನನ್ನನ್ನ ಬಿಡ್ಲೇ ಇಲ್ಲ: ಕ್ರೂಕ್ಸ್.

ಬಿಸಿಲಿಗೆ ಕಣ್ಣು ತಡೆಯಲ್ಲ ಅಂದವರಿಗೆ ಹಿಂದೆಲ್ಲ ಅಂಗಡಿಯವರು "ಕ್ರೂಕ್ಸ್ ಬಿ-1 ಹಾಕ್ಲಾ, ಬಿ-2 ಹಾಕ್ಲಾ" ಅಂತ ಕೇಳೋರು. ಬಣ್ಣ ಎಷ್ಟು ಗಾಢ ಅನ್ನೋದರ ಲೆಕ್ಕ ಅದು. ಕ್ರೂಕ್ಸ್ ಅಂದ್ರೆ ಬಣ್ಣದ ಹೆಸರಲ್ಲ, ಕಂಪನಿ ಹೆಸರೂ ಅಲ್ಲ, ಮನುಷ್ಯನ ಹೆಸರು. ಸರ್ ವಿಲಿಯಂ ಕ್ರೂಕ್ಸ್, ಲಂಡನ್ನಿನ ರಸಾಯನ ವಿಜ್ಞಾನಿ, 1861ರಲ್ಲಿ ಥ್ಯಾಲಿಯಂ ಧಾತು ಕಂಡುಹಿಡಿದವರು. ಗಾಜಿನ ಕುಲುಮೆ ಮುಂದೆ ವರ್ಷಗಟ್ಟಲೆ ನಿಂತು ದುಡಿಯೋರಿಗೆ ಕಣ್ಣಲ್ಲಿ ಪೊರೆ ಬರ್ತಿತ್ತು. ಕುಲುಮೆಯ ಶಾಖದ ಕಿರಣಗಳೇ ಅದಕ್ಕೆ ಕಾರಣ. ಇದಕ್ಕೆ ಪರಿಹಾರ ಹುಡುಕೋಕೆ ರಾಯಲ್ ಸೊಸೈಟಿ ಒಂದು ಸಮಿತಿ ಮಾಡ್ತು, ಗಾಜಿನ ಕೆಲಸ ಕ್ರೂಕ್ಸ್ ಕೈಗೆ ಬಂತು. ಸೀರಿಯಂ, ಕಬ್ಬಿಣ ಅಂತ ಬೇರೆ ಬೇರೆ ಲೋಹಗಳ ಲವಣ ಬೆರೆಸಿ 300ಕ್ಕೂ ಹೆಚ್ಚು ಬಗೆಯ ಗಾಜು ಮಾಡಿದರು. ಯಾವುದು ಶಾಖ ತಡೆಯುತ್ತೆ, ಯಾವುದು ನೇರಳಾತೀತ ಕಿರಣ ತಡೆಯುತ್ತೆ, ಬೆಳಕು ಎಷ್ಟು ಒಳಗೆ ಬಿಡುತ್ತೆ ಅಂತ ಒಂದೊಂದನ್ನೂ ಅಳೆದರು. 1913ರಲ್ಲಿ ಫಲಿತಾಂಶ ಮುಂದಿಟ್ಟಾಗ ಅವರಿಗೆ 81 ವರ್ಷ. ಕುಲುಮೆ ಕೂಲಿಗಳ ಕಣ್ಣು ಉಳಿಸೋಕೆ ಹುಟ್ಟಿದ ಗಾಜು, ಆಮೇಲೆ ನಮ್ಮ ಅಜ್ಜಂದಿರ ಮೂಗಿನ ಮೇಲೆ ಕೂತಿತು.

ಇಲ್ಲಿ ನನ್ನದೊಂದು ತಕರಾರಿದೆ. ಇವತ್ತು ಬಿಟಿಎಂ ಲೇಔಟ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರೋ ಯಾರೇ ಕನ್ನಡಕಕ್ಕೆ ಹೋಗ್ಲಿ, ಮೊದಲು ಕೇಳಿಬರೋದು "ಬ್ಲೂ ಕಟ್ ಹಾಕ್ಸಿ, ಕಣ್ಣು ದಣಿಯಲ್ಲ" ಅನ್ನೋ ಮಾತು. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನ ಒರೆಗೆ ಹಚ್ಚೋ ಕಾಕ್ರೇನ್ ಸಂಸ್ಥೆ, ನೀಲಿ ಬೆಳಕು ತಡೆಯೋ ಈ ಲೆನ್ಸ್ ಬಗೆಗಿನ 17 ಪ್ರಯೋಗಗಳನ್ನ ಒಟ್ಟಿಗಿಟ್ಟು ಪರಿಶೀಲಿಸ್ತು. ಕಂಪ್ಯೂಟರ್ ಕೆಲಸದಿಂದ ಬರೋ ಕಣ್ಣಿನ ದಣಿವಿಗೆ ಮಾಮೂಲಿ ಲೆನ್ಸ್‌ಗೂ ಇದಕ್ಕೂ, ಅಲ್ಪಾವಧಿಯಲ್ಲಿ, ವ್ಯತ್ಯಾಸ ಕಾಣೋ ಸಂಭವ ಕಡಿಮೆ ಅಂತಲೇ ಅದರ ತೀರ್ಮಾನ. ಕ್ರೂಕ್ಸ್ ಅನ್ನೋ ಹೆಸರಿನ ಹಿಂದೆ ಅಳತೆ ಇತ್ತು. ಬ್ಲೂ ಕಟ್ ಹೆಸರಿನ ಹಿಂದೆ ಅಷ್ಟು ಗಟ್ಟಿ ಅಳತೆ ಇಲ್ಲ. ಹಳೇ ಮಾತು ಅರ್ಥವಾಗ್ದೆ ಇದ್ರೂ ಪ್ರಾಮಾಣಿಕ. ಹೊಸ ಮಾತು ಕೇಳಿದ ತಕ್ಷಣ ಅರ್ಥವಾದ ಹಾಗಿರುತ್ತೆ, ಜೇಬಿಗೆ ಕೈ ಹಾಕುತ್ತೆ.

ಒಂದು ನಿಮಿಷ, ಕ್ರೂಕ್ಸ್ ವಿಷಯ ಸ್ಪಷ್ಟ ಮಾಡಿಬಿಡ್ತೀನಿ. ಅದು ಬರೀ ಕೂಲಿಂಗ್ ಗ್ಲಾಸ್ ಅಲ್ಲ, ಪವರ್ ಲೆನ್ಸನ್ನೂ ಆ ಗಾಜಲ್ಲೇ ಮಾಡ್ತಿದ್ದರು. ಇನ್ನೊಂದು, ಗಾಜು ಕಪ್ಪಾಗಿದ್ದ ಮಾತ್ರಕ್ಕೆ ನೇರಳಾತೀತ ಕಿರಣ ನಿಲ್ಲಲ್ಲ. ಫುಟ್‌ಪಾತ್‌ನಲ್ಲಿ ಕೂಲಿಂಗ್ ಗ್ಲಾಸ್ ಕೊಳ್ಳೋರು ಇದನ್ನ ಮರೀಬೇಡಿ.

ಅಂಗಡಿಯ ಉಳಿದ ಮಾತುಗಳನ್ನ ಬೇಗ ಮುಗಿಸ್ತೀನಿ. ಕ್ರಿಪ್ಟಾಕ್ ಅಂದ್ರೆ ಓದೋ ಪವರಿನ ಬಿಲ್ಲೆಯನ್ನ ದೂರದ ಗಾಜಿನೊಳಗೇ ಕರಗಿಸಿ ಬೆಸೆದ ಬೈಫೋಕಲ್. ಮೇಲೆ ಕೈಯಾಡಿಸಿದ್ರೆ ಗೆರೆ ತಾಕಲ್ಲ. 'ಡಿ' ಬೈಫೋಕಲ್ ಅಂದ್ರೆ ಓದೋ ಕಿಟಕಿ ಮಲಗಿದ ಡಿ ಆಕಾರದ್ದು. ಎಕ್ಸಿಕ್ಯೂಟಿವ್ ಅಂದ್ರೆ ಈ ತುದಿಯಿಂದ ಆ ತುದಿವರೆಗೆ ಅಡ್ಡಗೆರೆ. ಸುಪ್ರಾ ಅಂದ್ರೆ ಕೆಳಗೆ ನೈಲಾನ್ ದಾರದಲ್ಲಿ ಲೆನ್ಸ್ ಹಿಡಿದಿಟ್ಟ ಅರ್ಧ ಫ್ರೇಮ್. ಪ್ಲೇನೋ ಅಂದ್ರೆ ಪವರ್ ಸೊನ್ನೆ. ಆಡ್ ಅಂದ್ರೆ ಚಾಳೀಸು ಬಂದ ಮೇಲೆ ಓದೋದಕ್ಕೆ ಕೂಡಿಸೋ ಪವರ್. ಇನ್ನು "ಫೈಬರ್ ಗ್ಲಾಸ್" ಅಂತ ಕೊಡ್ತಾರಲ್ಲ, ಅದರಲ್ಲಿ ನಾರೂ ಇಲ್ಲ, ಗಾಜೂ ಇಲ್ಲ. ಬಹುಪಾಲು ಸಿಆರ್-39 ಅನ್ನೋ ಪ್ಲಾಸ್ಟಿಕ್. ಕೊಲಂಬಿಯಾ ರೆಸಿನ್ ಸರಣಿಯಲ್ಲಿ 39ನೆಯದು, 1940ರ ದಶಕದ್ದು, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳ ಇಂಧನ ಟ್ಯಾಂಕಿಗೂ ಬಳಕೆಯಾಗಿತ್ತು.

ಈಗ ನಿಮ್ಮ ಕನ್ನಡಕ ತೆಗೆದು ಕಡ್ಡಿಯ ಒಳಗಡೆ ನೋಡಿ. 52, ಒಂದು ಪುಟ್ಟ ಚೌಕ, 18, ಆಮೇಲೆ 140, ಈ ಥರ ಏನಾದ್ರೂ ಇರುತ್ತೆ. ಲೆನ್ಸಿನ ಅಗಲ 52 ಮಿಲಿಮೀಟರ್, ಮೂಗಿನ ಮೇಲಿನ ಸೇತುವೆ 18, ಕಡ್ಡಿ 140. ಲೆನ್ಸನ್ನ ಚೌಕದೊಳಗಿಟ್ಟು ಅಳೆದಿದ್ದಾರೆ ಅನ್ನೋದಕ್ಕೆ ಆ ಚೌಕವೇ ಗುರುತು. ಫ್ರೇಮ್ ಸರಿಯಾಗಿ ಕೂತಿದೆ ಅನಿಸಿದ್ರೆ ಆ ಮೂರು ಅಂಕಿ ಬರೆದಿಟ್ಕೊಳ್ಳಿ. ಕಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿಡಿ, ಅಂದ್ರೆ ಎರಡು ಪಾಪೆಗಳ ನಡುವಿನ ಅಂತರ, ಬರೆದಿಲ್ಲದಿದ್ರೆ ಕೇಳಿ ಬರೆಸ್ಕೊಳ್ಳಿ, ಅದು ನಿಮ್ಮದೇ ಕಣ್ಣಿನ ಲೆಕ್ಕ. ಅಂಗಡಿಯಲ್ಲಿ ಹಳೇ ಫಿಟ್ಟರ್ ಯಾರಾದ್ರೂ ಇದ್ರೆ, ಗ್ರಾಹಕರಿಲ್ಲದ ಹೊತ್ತಲ್ಲಿ ಅವರನ್ನ ಮಾತಾಡ್ಸಿ, ಅನುಮತಿ ಕೇಳಿ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಈ ಮಾತುಗಳಲ್ಲಿ ಎಷ್ಟೋ ಅವರ ಬಾಯಲ್ಲಿ ಮಾತ್ರ ಉಳಿದಿವೆ.