ಆರಾಮ ಇದ್ದರೂ ಗುಳಿಗೆ ಬಿಡಬೇಡಿ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಮೌನೇಶ್ವರರ ಊರಿನಲ್ಲಿ ಹೆಚ್ಚು ಮಾತಾಡಬಾರದು. ಒಂದೇ ವಿಷಯ ಹೇಳಿ ಕುಳಿತುಕೊಳ್ಳುತ್ತೇನೆ.

ನಾನು ಔಷಧ ಅಂಗಡಿಯವನು. ದಿನಾಲೂ ಕೇಳುವ ಮಾತು ಒಂದಿದೆ: "ಈಗ ಆರಾಮ ಅದೀನ್ರಿ, ಗುಳಿಗಿ ಬಿಟ್ಟೀನಿ." ಜ್ವರ ಇಳಿದರೆ ಜ್ವರದ ಗುಳಿಗೆಯ ಕೆಲಸ ಮುಗಿಯಿತು. ಬಿ.ಪಿ., ಹೃದಯದ ಗುಳಿಗೆ ಹಾಗಲ್ಲ; ಆರಾಮ ಇರುವುದೇ ಅದರಿಂದ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ಗುಳಿಗೆಗಳನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗಬಹುದು. ಕಲಬುರಗಿಯ ಜಯದೇವದಲ್ಲಿ ವೈದ್ಯರು ಉಳಿಸಿಕೊಟ್ಟ ಜೀವವನ್ನು ಮನೆಯಲ್ಲಿ ಕಾಯುವುದು ಈ ಗುಳಿಗೆಗಳೇ.

ಇದು ನಮ್ಮೂರ ಕಥೆ ಮಾತ್ರವಲ್ಲ. ಶ್ರೀಮಂತ ದೇಶಗಳಲ್ಲಿಯೂ ದೀರ್ಘಕಾಲದ ಕಾಯಿಲೆಯವರು ಸರಿಯಾಗಿ ಔಷಧ ತೆಗೆದುಕೊಳ್ಳುವ ಪ್ರಮಾಣ ಸುಮಾರು ಶೇ. 50 ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ.

ಜನ ಸೋಮಾರಿತನದಿಂದ ಬಿಡುವುದಿಲ್ಲ. ಗುಳೆ ಹೋಗುವಾಗ ಚೀಟಿ ಮನೆಯಲ್ಲೇ ಉಳಿಯುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಸುರಪುರಕ್ಕೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ದುಡ್ಡು ಸಾಲದೆ ದಿನ ಬಿಟ್ಟು ದಿನ ನುಂಗುತ್ತಾರೆ. ಉಪವಾಸವೆಂದು ಬಿಡುವವರೂ ಇದ್ದಾರೆ.

ಔಷಧ ಕೊಡುವಾಗ ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟರ ಕರ್ತವ್ಯ ಎಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಹೇಳುತ್ತವೆ. ಅದರಂತೆ ನಾನು ಓದಲು ಬಾರದವರ ಪಾಕೀಟಿನ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡುತ್ತೇನೆ. ಎಲ್ಲ ಗುಳಿಗೆ ಒಂದೇ ದಿನ ಮುಗಿಯುವಂತೆ ಲೆಕ್ಕ ಹಾಕುತ್ತೇನೆ. ಮುಂದಿನ ಸಲ ಹಳೆಯ ಪಟ್ಟಿ ತರಿಸಿ ಉಳಿದದ್ದನ್ನು ಎಣಿಸುತ್ತೇನೆ. ಉಳಿದಿದ್ದರೆ ಬೈಯುವುದಿಲ್ಲ, ಯಾಕೆಂದು ಕೇಳುತ್ತೇನೆ. ದುಡ್ಡಿನ ತೊಂದರೆಯಿದ್ದರೆ ಸರಕಾರಿ ಆಸ್ಪತ್ರೆ ಇದೆ, ಜನೌಷಧಿ ಕೇಂದ್ರಗಳಿವೆ. ಕೆಮ್ಮು, ತಲೆಸುತ್ತು ಬಂದರೆ ವೈದ್ಯರ ಬಳಿ ಕಳಿಸುತ್ತೇನೆ. ಔಷಧ ಬದಲಿಸುವ ಅಧಿಕಾರ ನನ್ನದಲ್ಲ. ಒಂದು ಹೊತ್ತು ಮರೆತರೆ ಮರುಹೊತ್ತು ಎರಡು ನುಂಗಬೇಡಿ ಎಂದೂ ಹೇಳುತ್ತೇನೆ.

ಒಂದು ಮಾತು ನೆನಪಿಡಿ: ಎದೆನೋವು ಬಂದರೆ ನನ್ನ ಅಂಗಡಿಗೆ ಬರಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ.

ಮಕ್ಕಳೇ, ಈ ಶಾಲೆ ನಿಮಗೆ ಓದಲು ಕಲಿಸಿದೆ. ಇಂದು ರಾತ್ರಿ ಅಜ್ಜ ಅಜ್ಜಿಯ ಚೀಟಿಯನ್ನು ಅವರಿಗೆ ಓದಿ ಹೇಳಿ. ಎಷ್ಟು ದಿನದ ಗುಳಿಗೆ ಉಳಿದಿದೆ, ಎಣಿಸಿ. ಮುಗಿಯಲು ಐದು ದಿನ ಇರುವಾಗಲೇ ಮನೆಯವರಿಗೆ ನೆನಪು ಮಾಡಿ.